ವೇದಿಕೆಗೂ ರ‍್ಯಾಂಪ್ ಬೇಕಲ್ವಾ?

ನಾಟಕಗಳಿಗೆ ಲೈಟಿಂಗ್ ಮಾಡುವವಳು ನಾನು. ‘ಎಲ್ಲರಿಗೂ ಸ್ವಾಗತ’ ಅಂತ ಪೋಸ್ಟರ್ ಹಾಕುವುದು ಸುಲಭ. ಸಭಾಂಗಣದ ಬಾಗಿಲಿಗೆ ರ‍್ಯಾಂಪ್ ಇರುತ್ತದೆ, ವೇದಿಕೆಗೆ ಮಾತ್ರ ಮೆಟ್ಟಿಲು. ಅಂದರೆ ವೀಲ್‌ಚೇರ್‌ನಲ್ಲಿ ಬಂದವರು ನಾಟಕ ನೋಡಬಹುದು, ಆಡುವ ಹಾಗಿಲ್ಲ! ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಎರಡೂವರೆ ಅಡಿಯ ವೇದಿಕೆಗೆ 30 ಅಡಿ. ‘ಅಷ್ಟು ಜಾಗ ಎಲ್ಲಿ?’ ಅನ್ನುತ್ತಾರೆ. ಹಾಗಾದರೆ ನೆಲದ ಮೇಲೇ ಆಡಿ, ಪ್ರೇಕ್ಷಕರನ್ನು ಸುತ್ತ ಕೂರಿಸಿ ಅನ್ನುತ್ತೇನೆ ನಾನು.

ಇನ್ನು ಕಿವಿ ಕೇಳದ ಪ್ರೇಕ್ಷಕರಿಗೆ ಮಾತು ಮುಟ್ಟಿಸುವ ಸಂಜ್ಞಾಭಾಷೆ. ದೃಶ್ಯಕ್ಕೆ ಕತ್ತಲೆ ಬೇಕು ಅಂತ ಎಲ್ಲ ಲೈಟ್ ಆರಿಸಿದರೆ ಅನುವಾದಕಿಯೂ ಕತ್ತಲಲ್ಲೇ. ಅವರಿಗೇ ಒಂದು ಲೈಟ್ ಬೇಕು, ಕೈ ಮುಖ ಎರಡೂ ಕಾಣುವ ಹಾಗೆ. ಮುಖಭಾವವೂ ಆ ಭಾಷೆಯ ವ್ಯಾಕರಣವೇ. ತಾಲೀಮಿಗೇ ಅವರನ್ನು ಕರೆಯಿರಿ. ಸುಮ್ನೆ ಸೇವೆ ಅನ್ನಬೇಡಿ, ಸಂಭಾವನೆ ಕೊಡಿ.