ಜಲಾಲುದ್ದೀನ್ ಹಕ್ಕಾನಿಯ ನೆಲ: ಐದನೇ ವಾರದ ಕೆಲಸ

ಈ ವಾರ ಬೋರ್ಡಿನ ಮೇಲೆ ಪೂರ್ವ ಅಫ್ಘಾನಿಸ್ತಾನದ ಖೋಸ್ತ್ ಊರು ಬಂತು. ಹಕ್ಕಾನಿ 1980ರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡಿದ ಅಫ್ಘನ್ ಮುಖಂಡ. ಅವನ ಬಗ್ಗೆ ಎಷ್ಟು ಓದಿದರೂ ಆ ಯುದ್ಧ ತಲೆಗೆ ಹತ್ತಲಿಲ್ಲ, ಅದಕ್ಕೇ ಅವನು ಕಾದಾಡಿದ ನೆಲವನ್ನೇ ಫೋಮ್ ಶೀಟಿನಲ್ಲಿ ಕಟ್ಟುತ್ತಿದ್ದೇನೆ. ಒಂದು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. 3 ಮಿಲಿಮೀಟರ್ ದಪ್ಪದ ಒಂದು ಹಾಳೆ ಅಂದರೆ 100 ಮೀಟರ್ ಎತ್ತರ. ಖೋಸ್ತ್‌ಗೆ ರಸ್ತೆ ಹೊರಡುವ ಊರು ಗಾರ್ದೇಜ್ ಸುಮಾರು 2,300 ಮೀಟರ್, ಖೋಸ್ತ್ 1,200ಕ್ಕೂ ಕೆಳಗೆ. ಇವೆರಡರ ನಡುವೆ ಹನ್ನೊಂದು ಹಾಳೆ ಇಳಿಸಬೇಕಾಯಿತು.

ಅಂಟು ಒಣಗಿದ ಮೇಲೆ ನೋಡಿದರೆ ಖೋಸ್ತ್ ಒಂದು ಬಟ್ಟಲು! ಗಾರ್ದೇಜ್‌ನಿಂದ ಬರುವ ರಸ್ತೆ ಸತುಕಂದಾವ್ ಘಾಟಿ ದಾಟಿ, ಜದ್ರಾನ್ ಬುಡಕಟ್ಟಿನವರ ಬೆಟ್ಟಗಳ ನಡುವೆಯೇ ಇಳಿಯುತ್ತದೆ. ಹಕ್ಕಾನಿಯೂ ಜದ್ರಾನ್. ಊರಿಗೆ ನುಗ್ಗುವುದಕ್ಕಿಂತ ದಾರಿ ಮುಚ್ಚಿ ಕೂರುವುದು ಅವನಿಗೆ ಸುಲಭವಾಗಿತ್ತು, ಅಲ್ವಾ? ಅದನ್ನು ತೆರೆಯಲು ಸೋವಿಯತ್ ಸೇನೆ 1987ರ ನವೆಂಬರಿನಲ್ಲಿ ಮಜಿಸ್ತ್ರಾಲ್ ಕಾರ್ಯಾಚರಣೆ ಶುರು ಮಾಡಿತು, ವರ್ಷದ ಕೊನೆಗೆ ಲಾರಿಗಳು ಖೋಸ್ತ್ ತಲುಪಿದವು, ಆದರೆ ಸೇನೆ ವಾಪಸಾದ ಮೇಲೆ ದಾರಿ ಮತ್ತೆ ಮುಚ್ಚಿತು. ಕೊನೆಗೆ 1991ರ ಮಾರ್ಚ್ 31ರಂದು ಊರೇ ಮುಜಾಹಿದೀನ್‌ಗಳ, ಅಂದರೆ ಹಕ್ಕಾನಿಯಂಥ ಹೋರಾಟಗಾರರ, ಕೈಗೆ ಬಿತ್ತು.

ಜಾಸ್ತಿ ಹೊತ್ತು ಹಿಡಿದದ್ದು ಹಕ್ಕಾನಿಯ ನೆಲೆಯಾಗಿದ್ದ ಝವಾರ್. ಪಾಕಿಸ್ತಾನದ ಗಡಿಗೆ ನಾಲ್ಕೈದು ಕಿಲೋಮೀಟರ್ ದೂರದ ಕಮರಿ ಅದು. ಬಂಡೆ ಕೊರೆದ ಸುರಂಗಗಳಲ್ಲಿ ಮಸೀದಿ, ಆಸ್ಪತ್ರೆ, ಆಯುಧದ ಉಗ್ರಾಣ ಎಲ್ಲಾ ಇದ್ದವು. ನಾನು ಕಮರಿಯ ಬಾಯಿಯನ್ನು ಖೋಸ್ತ್ ಕಡೆಗೆ ಕೊರೆದಿದ್ದೆ, ಅದು ತಪ್ಪು. ಅದು ತೆರೆದುಕೊಳ್ಳುವುದು ಆಗ್ನೇಯಕ್ಕೆ, ಪಾಕಿಸ್ತಾನದ ಕಡೆಗೆ. ಸರಂಜಾಮು ಬರುತ್ತಿದ್ದದ್ದೂ ಆ ಕಡೆಯಿಂದಲೇ. ಆರು ಹಾಳೆ ಕಿತ್ತು ಮತ್ತೆ ಅಂಟಿಸಿದೆ. 1986ರ ಏಪ್ರಿಲ್‌ನಲ್ಲಿ ಬಾಂಬು ಬಿದ್ದು ಸುರಂಗಗಳ ಬಾಯಿ ಮುಚ್ಚಿಹೋಯಿತು, ಒಳಗೆ ಸುಮಾರು 150 ಮಂದಿ ಸಿಕ್ಕಿಕೊಂಡರು, ಅವರಲ್ಲಿ ಹಕ್ಕಾನಿಯೂ ಇದ್ದ. ಮುಂದಿನ ಸುತ್ತಿನ ಬಾಂಬುಗಳೇ ಆ ಬಾಯಿಗಳನ್ನು ಮತ್ತೆ ತೆರೆದವು, ಅವರು ಹೊರಗೆ ಬಂದರು. ಝವಾರ್ ಹಿಡಿದ ಅಫ್ಘನ್ ಸರ್ಕಾರದ ಸೇನೆ ಅಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಈ ಜಾಗ ಕೊರೆಯುವಾಗ ನನಗೆ ಕೈ ನಡುಗಿತು.

ಹಕ್ಕಾನಿ 1992ರಲ್ಲಿ ಅಫ್ಘನ್ ಸರ್ಕಾರದ ನ್ಯಾಯಮಂತ್ರಿ, 1995ರಲ್ಲಿ ತಾಲಿಬಾನ್ ಕಡೆಗೆ, ಆಮೇಲೆ ಅವರ ಸರ್ಕಾರದಲ್ಲಿ ಗಡಿ ಖಾತೆ. ಇವಕ್ಕೆ ಸಣ್ಣ ಹಳದಿ ಪಿನ್ ಸಾಕು.

ಕೆಂಪು ಪಿನ್ ಒಂದು ಇನ್ನೂ ಕೈಯಲ್ಲೇ ಇದೆ. 2008ರ ಜುಲೈ 7ರಂದು ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯದು. ಅದರ ಹಿಂದೆ ಅವನು ಕಟ್ಟಿದ ಸಶಸ್ತ್ರ ಗುಂಪಾದ ಹಕ್ಕಾನಿ ಜಾಲ ಇತ್ತೆಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಕಾಬೂಲ್ ನನ್ನ ಬೋರ್ಡಿನಾಚೆ ಉಳಿದಿದೆ. ಅದನ್ನು ಬಿಟ್ಟು ಈ ಕೆಲಸ ಮುಗಿಸಲಾರೆ, ಮುಂದಿನ ವಾರ ಉತ್ತರಕ್ಕೆ ಇನ್ನೊಂದು ಹಲಗೆ ಜೋಡಿಸುತ್ತೇನೆ.