ಒಂದೇ ಯುದ್ಧ, ಮೂರು ದೇಶ: ಟೋಕಿಯೊ, ಸಿಯೋಲ್, ನಾನ್‌ಜಿಂಗ್‌ಗೆ ಹೊರಟವರಿಗೆ

ಪೂರ್ವ ಏಷ್ಯಾದಲ್ಲಿ ಎರಡನೇ ಮಹಾಯುದ್ಧದ ಕಾಲದ ಮ್ಯೂಸಿಯಂ ನೋಡೋ ಆಸೆ ಇದ್ದರೆ ಒಂದೇ ದೇಶ ನೋಡಿ ವಾಪಸ್ ಬರಬೇಡಿ. ಒಂದು ಕಡೆ ಗೋಡೆ ತುಂಬಾ ಇರೋ ವಿಷಯ ಇನ್ನೊಂದು ಕಡೆ ನಾಲ್ಕು ಸಾಲಲ್ಲಿ ಮುಗಿದಿರುತ್ತದೆ. ನಾನು ಟೋಕಿಯೊದಲ್ಲಿ ಶುರು ಮಾಡಿ ನಾನ್‌ಜಿಂಗ್‌ನಲ್ಲಿ ಮುಗಿಸಿದೆ. ನೀವೂ ಹಾಗೇ ಮಾಡಿ. ಜಪಾನಿನ ಮಾತು ಮೊದಲು ಕೇಳಿಸಿಕೊಂಡರೆ ಉಳಿದವರ ಸಿಟ್ಟು ಎಲ್ಲಿಂದ ಬಂತು ಅನ್ನೋದು ಬೇಗ ಗೊತ್ತಾಗುತ್ತದೆ.

ಟೋಕಿಯೊದಲ್ಲಿ ಕುದಾನ್‌ಶಿತಾ ಸ್ಟೇಷನ್‌ನಲ್ಲಿ ಇಳಿದರೆ ಯಾಸುಕುನಿ ದೇಗುಲ ನಡೆಯುವಷ್ಟು ದೂರ. 1869ರಲ್ಲಿ ಶುರುವಾದ ಈ ದೇಗುಲದಲ್ಲಿ ಜಪಾನಿಗಾಗಿ ಸತ್ತ ಸುಮಾರು 24.6 ಲಕ್ಷ ಜನರನ್ನು ಪೂಜಿಸುತ್ತಾರೆ. ಗೋರಿಗಳೇನೂ ಇಲ್ಲ. ಎ ದರ್ಜೆಯ (ಅಂದರೆ ಯುದ್ಧ ಹೂಡಿದ ಆರೋಪದ) ಯುದ್ಧಾಪರಾಧಿಗಳು ಎನಿಸಿಕೊಂಡ 14 ಮಂದಿಯನ್ನೂ 1978ರಲ್ಲಿ ಇಲ್ಲಿ ಸೇರಿಸಿದರು. ಅಲ್ಲಿಂದ ಶುರುವಾಯ್ತು ನೋಡಿ ರಗಳೆ. ಪ್ರಧಾನಿ ಇಲ್ಲಿಗೆ ಬಂದರೆ ಸಿಯೋಲ್, ಬೀಜಿಂಗ್ ಎರಡೂ ಕೆಂಡವಾಗುತ್ತವೆ.

ಒಳಗಿನ ಯೂಶೂಕಾನ್ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಬಾಗಿಲಲ್ಲೇ ಜೀರೋ ಯುದ್ಧವಿಮಾನ, ಪಕ್ಕದಲ್ಲಿ ಫಳಫಳ ಹೊಳೆಯೋ ಕಪ್ಪು ಉಗಿಬಂಡಿ ಎಂಜಿನ್. ಜಪಾನಿ ಸೇನೆ ಹಾಕಿಸಿದ ಥಾಯ್ಲೆಂಡ್–ಬರ್ಮಾ ರೈಲು ಮಾರ್ಗದಲ್ಲಿ ಓಡಿದ ಎಂಜಿನ್ ಇದು. ಆ ಹಳಿ ಹಾಕುವಾಗ 12 ಸಾವಿರಕ್ಕೂ ಜಾಸ್ತಿ ಯುದ್ಧಕೈದಿಗಳು ಸತ್ತರು. ಸತ್ತ ಏಷ್ಯಾದ ಕೂಲಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಮಲಯಾದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳರೂ ಅವರಲ್ಲಿದ್ದರು. ಎಂಜಿನ್ ಮುಂದೆ ಫೋಟೋ ತೆಗೆಸಿಕೊಳ್ಳೋ ಮೊದಲು ಇಷ್ಟು ಗೊತ್ತಿರಲಿ. ಆದರೂ ಕೊನೆಯ ಕೋಣೆಗಳಲ್ಲಿ ಸತ್ತ ಹುಡುಗರ ಸಣ್ಣ ಸಣ್ಣ ಫೋಟೋ ಸಾಲುಸಾಲಾಗಿ ಇವೆ. ಅವರ ಮನೆಯವರ ದುಃಖ ಸುಳ್ಳು ಅಂತ ಯಾರೂ ಹೇಳಲಾರರು.

ಹೊರಗೆ ರಾಧಾಬಿನೋದ್ ಪಾಲ್ ಅವರ ಸ್ಮಾರಕ ಇದೆ. ಯುದ್ಧ ಮುಗಿದಮೇಲೆ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂತ ಬರೆದ ಭಾರತೀಯ ನ್ಯಾಯಾಧೀಶರು ಇವರೇ. ನಮ್ಮವರು ಕಂಡಕೂಡಲೇ ಖುಷಿಪಡುತ್ತಾರೆ. ಸ್ವಲ್ಪ ತಾಳಿ. ಜಪಾನಿನ ಸೇನೆ ದೌರ್ಜನ್ಯ ಮಾಡಿದ್ದಕ್ಕೆ ಧಾರಾಳ ಸಾಕ್ಷಿ ಇದೆ ಅಂತಲೂ ಅದೇ ತೀರ್ಪಿನಲ್ಲಿ ಅವರು ಬರೆದಿದ್ದಾರೆ.

ಹಿರೋಶಿಮಾಗೆ ಹೋದರೆ ಅಣುಬಾಂಬಿನ ನೆನಪಿನ ಪಾರ್ಕಿನಲ್ಲಿ, ಆ ಬಾಂಬಿಗೆ ಸತ್ತ ಕೊರಿಯನ್ನರ ಸ್ಮಾರಕ ಹುಡುಕಿ. ಕಲ್ಲಿನ ಆಮೆಯ ಬೆನ್ನ ಮೇಲೆ ನಿಂತ ಕಂಬ. 1970ರಲ್ಲಿ ಪಾರ್ಕಿನ ಹೊರಗೆ ನಿಲ್ಲಿಸಿದ್ದು, ಒಳಗೆ ಬಂದಿದ್ದು 1999ರಲ್ಲಿ. ಬಾಂಬಿಗೆ ಸತ್ತಮೇಲೂ ಕಾಯಬೇಕಾಯ್ತು ಅಲ್ವಾ!

ಸಿಯೋಲ್‌ನಲ್ಲಿ ಬುಧವಾರ ಇರುವ ಹಾಗೆ ನೋಡಿಕೊಳ್ಳಿ. ಜಪಾನಿ ಸೇನೆ ಲೈಂಗಿಕ ಗುಲಾಮರಾಗಿ ಇಟ್ಟುಕೊಂಡ ಹೆಣ್ಣುಮಕ್ಕಳ ಪರವಾಗಿ 1992ರ ಜನವರಿಯಲ್ಲಿ ಶುರುವಾದ ಪ್ರತಿಭಟನೆ ಬುಧವಾರ ಮಧ್ಯಾಹ್ನ ನಡೆಯುತ್ತದೆ. ಹಳೆಯ ಜಪಾನ್ ರಾಯಭಾರ ಕಚೇರಿ ಎದುರು 2011ರಲ್ಲಿ ಕೂರಿಸಿದ ಹುಡುಗಿಯ ಕಂಚಿನ ಪ್ರತಿಮೆ ಇದೆ. ಹೆಗಲ ಮೇಲೆ ಹಕ್ಕಿ, ಪಕ್ಕದಲ್ಲಿ ಖಾಲಿ ಕುರ್ಚಿ. ಪಾದ ನೋಡಿ, ಹಿಮ್ಮಡಿ ನೆಲಕ್ಕೆ ತಾಗಿಲ್ಲ. 2015ರಲ್ಲಿ ಎರಡೂ ಸರ್ಕಾರ ಒಪ್ಪಂದ ಮಾಡಿಕೊಂಡು, ಜಪಾನ್ 100 ಕೋಟಿ ಯೆನ್ ಕೊಟ್ಟು, ವಿಷಯ ಶಾಶ್ವತವಾಗಿ ಮುಗೀತು ಅಂದವು. ಮುಗಿಯಲಿಲ್ಲ. ಈ ಪ್ರತಿಭಟನೆಯನ್ನೇ ವಿರೋಧಿಸೋ ಕೊರಿಯನ್ನರೂ ಇದ್ದಾರೆ, ಹಾಗಾಗಿ ಗಲಾಟೆ ಕಂಡರೆ ದೂರ ನಿಂತು ನೋಡಿ. ದೋಂಗ್‌ನಿಮ್ಮುನ್ ಸ್ಟೇಷನ್ ಹತ್ತಿರದ ಸೋದೇಮುನ್ ಜೈಲನ್ನೂ ಬಿಡಬೇಡಿ, ಕೊರಿಯಾವನ್ನು ಆಳುತ್ತಿದ್ದ ಜಪಾನ್ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಜೈಲು ಅದು, ಈಗ ಮ್ಯೂಸಿಯಂ.

ಚೀನಾದ ನಾನ್‌ಜಿಂಗ್‌ಗೆ ಶಾಂಘೈನಿಂದ ಬುಲೆಟ್ ರೈಲು ಇದೆ. ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕು. 1937ರ ಡಿಸೆಂಬರ್‌ನಲ್ಲಿ ಊರು ಹಿಡಿದ ಜಪಾನಿ ಸೇನೆ ನಡೆಸಿದ ಹತ್ಯಾಕಾಂಡದ ಸ್ಮಾರಕ ಭವನಕ್ಕೆ ದುಡ್ಡಿಲ್ಲ, ಆದರೆ ಮುಂಚೆಯೇ ಬುಕ್ ಮಾಡಬೇಕು. ಚೀನಾದಲ್ಲಿ ಗೂಗಲ್ ನಡೆಯಲ್ಲ, ಫೋನಿನಲ್ಲಿ ದುಡ್ಡು ಕೊಡೋ ಅಲಿಪೇ ಆ್ಯಪನ್ನು ಹೊರಡುವ ಮುಂಚೆಯೇ ಸಿದ್ಧ ಮಾಡಿಕೊಳ್ಳಿ. ಭವನದಲ್ಲಿ ಎಲ್ಲೆಲ್ಲೂ 3,00,000 ಅನ್ನೋ ಸಂಖ್ಯೆ, ಸತ್ತವರ ಲೆಕ್ಕ ಅದು. ಟೋಕಿಯೊ ವಿಚಾರಣೆಯ ತೀರ್ಪು 2 ಲಕ್ಷಕ್ಕೂ ಹೆಚ್ಚು ಅಂದಿತ್ತು. ಯೋಧರಲ್ಲದವರ ಕೊಲೆ, ಲೂಟಿ ನಡೆದದ್ದನ್ನು ಅಲ್ಲಗಳೆಯೋಕಾಗಲ್ಲ, ಎಷ್ಟು ಜನ ಅನ್ನೋದು ಹೇಳೋದು ಕಷ್ಟ ಅನ್ನೋದು ಜಪಾನ್ ಸರ್ಕಾರದ ನಿಲುವು. ಈ ಲೆಕ್ಕದ ಚರ್ಚೆಯನ್ನು ಅಲ್ಲಿ ಯಾರ ಮುಂದೆಯೂ ತೆಗೆಯಬೇಡಿ. ಸುಮ್ನೆ ನೋಡಿ ಬನ್ನಿ. ಸಮಯ ಇದ್ದರೆ ಜಾನ್ ರಾಬೆ ಮನೆಗೂ ಹೋಗಿ. ನಾಜಿ ಪಕ್ಷದ ಸದಸ್ಯನಾಗಿದ್ದ ಈ ಜರ್ಮನ್ ವ್ಯಾಪಾರಿಯೇ ಅಲ್ಲಿನ ಸುರಕ್ಷಿತ ವಲಯದ ಮುಖ್ಯಸ್ಥನಾಗಿ ಸಾವಿರಾರು ಚೀನೀಯರನ್ನು ಉಳಿಸಿದವನು.

ತಾರೀಖು ನೋಡಿ ಹೊರಡಿ. ಆಗಸ್ಟ್ 15 ಜಪಾನಿನಲ್ಲಿ ಯುದ್ಧ ಮುಗಿದ ಶೋಕದ ದಿನ, ಕೊರಿಯಾದಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ಹಬ್ಬ. ಅವತ್ತು ಯಾಸುಕುನಿಯಲ್ಲಿ ವಿಪರೀತ ಜನ. ಊರು ಜಪಾನಿನ ಕೈಗೆ ಬಿದ್ದ ಡಿಸೆಂಬರ್ 13ಕ್ಕೆ ನಾನ್‌ಜಿಂಗ್‌ನಲ್ಲಿ ಸೈರನ್ ಮೊಳಗುತ್ತದೆ, ಊರೇ ನಿಂತುಬಿಡುತ್ತದೆ. ಸೋದೇಮುನ್ ಜೈಲು, ನಾನ್‌ಜಿಂಗ್ ಭವನ ಎರಡಕ್ಕೂ ಸೋಮವಾರ ರಜೆ. ಆ ದಿನವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ.