ಬಿಸಿಯಾದ್ರೆ ಏರುತ್ತೆ ಬಿಡು

ನಾವು ಸುತ್ತಿದ ಹೀಟರ್ ಕಾಯಿಲಿಗೆ ಹಿಡಿದ ಮಲ್ಟಿಮೀಟರ್ 41.5 ಓಮ್ಸ್ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ತೋರಿಸುತ್ತಿತ್ತು. ನನಗೆ ಬೇಕಾಗಿದ್ದು 53. ಆಗ ನಾನು ಹೇಳಿದ್ದು ಮೂರೇ ಪದ: 'ಬಿಸಿಯಾದ್ರೆ ಏರುತ್ತೆ ಬಿಡು.' ಆ ಮಾತು ಇವತ್ತಿಗೂ ನಮ್ಮ ಮೇಂಟೆನೆನ್ಸ್ ರೂಮಲ್ಲಿ ಸುತ್ತುತ್ತಿದೆ. ಟೀ ಆರಿಹೋಗಿದ್ದರೂ ಅದೇ ಮಾತು, ಸಂಬಳದ ಮಾತು ಬಂದರೂ ಅದೇ ಮಾತು.

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲೆಕ್ಟ್ರಿಷಿಯನ್. ಇಲ್ಲಿಗೆ ಬರುವ ಮೊದಲು ಹಾಸನದಲ್ಲಿ ಹನ್ನೊಂದು ವರ್ಷ ಮೋಟಾರ್ ರೀವೈಂಡಿಂಗ್ ಮಾಡಿದ್ದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರು ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ತಾಮ್ರದ ತಂತಿಯನ್ನು ಬೆರಳಲ್ಲಿ ಉಜ್ಜಿ ಗೇಜ್ (ದಪ್ಪದ ನಂಬರ್) ಹೇಳುತ್ತೇನೆ ಅಂತ ಒಂದು ಜಂಬವೂ ಇತ್ತು. ಇತ್ತು ಅಂತಲೇ ಬರೆಯುತ್ತಿದ್ದೇನೆ.

ಜನವರಿ ಕೊನೆಯ ವಾರ. ತೋಟಗಳಿಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಲೋಡು ಮೇಲೆ ಲೋಡು ಬರುತ್ತಿತ್ತು, ಯಾರ್ಡಲ್ಲಿ ಕಾಲಿಡಲು ಜಾಗ ಇಲ್ಲ. ಅಂಥ ಹೊತ್ತಲ್ಲೇ, ಮಂಗಳವಾರ ಸಂಜೆ, ಲ್ಯಾಬಿನಲ್ಲಿ ಸ್ವಲ್ಪ ಸ್ವಲ್ಪ ಕಾಫಿ ಹುರಿದು ನೋಡುವ ಸ್ಯಾಂಪಲ್ ರೋಸ್ಟರ್‌ನ ನಡುವಿನ ಡ್ರಮ್ಮಿನ ಹೀಟರ್ ಕಾಯಿಲ್ ಕಟ್ಟಾಯಿತು. ಮೂರು ಡ್ರಮ್ಮಿನ ಹಳೇ ಮೆಷೀನು. ಒಂದೊಂದು ಡ್ರಮ್ಮಿಗೆ 1000 ವ್ಯಾಟ್. ಗುರುವಾರ ಬೆಳಗ್ಗೆ ಹೊರಗಿನ ಪಾರ್ಟಿ ಕಪ್ಪಿಂಗ್‌ಗೆ, ಅಂದರೆ ಕಾಫಿಯ ರುಚಿ ನೋಡಲು, ಬರುವವರಿದ್ದರು.

ಹೊಸ ಹೀಟರ್ ತರಿಸಿ ಅಂತ ನಾನು ಇಂಡೆಂಟ್ ಹಾಕಿದ್ದು ಮಳೆಗಾಲದಲ್ಲಿ. ಪರ್ಚೇಸಿನವರು ಮೂರು ಕೊಟೇಶನ್ ಕೇಳಿದರು. ಆ ಮೆಷೀನಿಗೆ ಹೀಟರ್ ಮಾಡುವವನು ಒಬ್ಬನೇ. ಒಬ್ಬನಿಂದ ಮೂರು ಕೊಟೇಶನ್ ಹೇಗೆ ತರೋದು ಅಂತ ಕೇಳಿದ್ದಕ್ಕೆ ಫೈಲು ಇನ್ನೊಂದು ಟೇಬಲ್ಲಿಗೆ ಹೋಯಿತು. ಅಲ್ಲೇ ಇತ್ತು. ಇರಲಿ ಅಂತ ನಾನೇ ಬರೆದುಕೊಟ್ಟ ಇನ್ನೊಂದು ಚೀಟಿಗೆ ಮಾತ್ರ ಬೇಗ ಸಾಮಾನು ಬಂದಿತ್ತು: '26 ಗೇಜ್ ನೈಕ್ರೋಮ್, 100 ಗ್ರಾಂ.' ನೈಕ್ರೋಮ್ ಅಂದರೆ ನಿಕ್ಕಲ್, ಕ್ರೋಮಿಯಂ ಬೆರೆಸಿದ ಹೀಟರ್ ತಂತಿ. ಬೆಂಗಳೂರು ಎಸ್.ಪಿ. ರೋಡಿನಿಂದ ಬಸ್ಸಲ್ಲಿ ಪಾರ್ಸೆಲ್ ಬಂತು. ಪ್ಲಾಸ್ಟಿಕ್ ಕವರು, ಒಳಗೊಂದು ಸುರುಳಿ. ಲೇಬಲ್ ಇಲ್ಲ, ಏನೂ ಇಲ್ಲ.

ಈಗ ಹುಡುಗನ ವಿಷಯ ಹೇಳಬೇಕು. ನನ್ನ ಕೈಕೆಳಗೆ ಸೇರಿ ಎಂಟು ತಿಂಗಳಾಗಿತ್ತು. ಮೊದಲು ಬೆಂಗಳೂರಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವನು. ಸುರುಳಿ ಬಿಚ್ಚಿದ ಕೂಡಲೇ ಸ್ಟೋರ್ಸಿನಿಂದ ಒಂದು ಮ್ಯಾಗ್ನೆಟ್ ತಂದು ಹಿಡಿದ. ಅಂಟಲಿಲ್ಲ. ಹಳೇ ಕಾಯಿಲಿನ ತುಂಡಿಗೆ ಹಿಡಿದ. ಟಕ್ ಅಂತ ಅಂಟಿತು.

'ಅಣ್ಣ, ಹಳೇದು ಕ್ಯಾಂಥಲ್. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ. ಇದು ನೈಕ್ರೋಮೇ, ಮೋಸ ಇಲ್ಲ.'

ಎಲ್ಲಿ ಕಲಿತೆಯೋ ಅಂದೆ. ಸ್ವಲ್ಪ ನಾಚಿಕೊಂಡು ಹೇಳಿದ. ಬೆಂಗಳೂರಲ್ಲಿ ಗೆಳೆಯರ ಜೊತೆ ಸೇರಿ ಇ-ಸಿಗರೇಟಿಗೆ ಕಾಯಿಲ್ ಸುತ್ತುತ್ತಿದ್ದನಂತೆ. 2019ರ ಕಾಯ್ದೆಗೂ ಮೊದಲಿನ ಕಥೆ. ಈಗ ಅದನ್ನು ತಯಾರಿಸೋದು, ಮಾರೋದು, ಆಮದು, ದಾಸ್ತಾನು ಎಲ್ಲಾ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಹುಡುಗ ಅದನ್ನೂ ಬಿಟ್ಟಿದ್ದಾನೆ, ಬೀಡಿಯನ್ನೂ ಮುಟ್ಟುವುದಿಲ್ಲ. ಕೈಯಲ್ಲಿ ವಿದ್ಯೆ ಮಾತ್ರ ಉಳಿದುಕೊಂಡಿದೆ.

ಅವನು ವಿವರಿಸಿದ್ದು ಕೇಳಿ ನನಗೆ ನಗು ಬಂತು. 28 ಗೇಜ್ ಕ್ಯಾಂಥಲ್, ಎರಡೂವರೆ ಮಿಲಿಮೀಟರ್ ಡ್ರಿಲ್ ಬಿಟ್ಟಿನ ಮೇಲೆ ಏಳು ಸುತ್ತು, 1.2 ಓಮ್ಸ್. ಬೆರಳುದ್ದದ ತಂತಿ ಅಷ್ಟೇ. ಮೊದಲ ಸಲ ಸುತ್ತಿದಾಗ ಕಾಯಿಲಿನ ಒಂದು ಕಾಲು, ಅಂದರೆ ತುದಿಯ ತಂತಿ, ಮಾತ್ರ ಕೆಂಪಾಗಿ, ಒಳಗಿನ ಹತ್ತಿ ಸುಟ್ಟು, ಎರಡು ದಿನ ಗಂಟಲು ಕೆಟ್ಟಿತ್ತಂತೆ. ಆಮೇಲೆ ಕಲಿತನಂತೆ: ಹತ್ತಿ ಹಾಕುವ ಮೊದಲು ಕ್ಷಣಕ್ಷಣ ಕರೆಂಟು ಕೊಟ್ಟು ನೋಡಬೇಕು, ನಡುವಿನಿಂದ ಕೆಂಪು ಎರಡೂ ಕಡೆ ಸಮ ಹರಡಬೇಕು, ಎಲ್ಲೋ ಒಂದೇ ಕಡೆ ಹೊಳೆದರೆ ಸುತ್ತು ಸರಿ ಮಾಡಬೇಕು.

'ನಮ್ದು 230 ವೋಲ್ಟು ಕಣೋ,' ಅಂದೆ. 'ಸಿಗರೇಟ್ ವಿದ್ಯೆ ಇಲ್ಲಿ ನಡೆಯಲ್ಲ.'

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಪ್ಪಿಗೆಯಾಯಿತು. ಕ್ಯಾಂಥಲ್ 1400 ಡಿಗ್ರಿಯವರೆಗೆ ತಾಳುತ್ತದೆ, ನೈಕ್ರೋಮ್ 1200. ಕಾಗದದ ಮೇಲೆ ಕ್ಯಾಂಥಲ್ಲೇ ಗಟ್ಟಿ. ಆದರೆ ಅದು ಒಮ್ಮೆ ಚೆನ್ನಾಗಿ ಕಾದರೆ ಹಪ್ಪಳ. ನಾವು ತಿಂಗಳಿಗೊಮ್ಮೆ ರೋಸ್ಟರ್ ಬಿಚ್ಚಿ ಸಿಲ್ವರ್ ಸ್ಕಿನ್ ಹೊಟ್ಟು ತೆಗೆಯುತ್ತೇವೆ, ಕಾಯಿಲ್ ಅಲುಗಾಡುತ್ತದೆ. ಹಳೇದು ಮುರಿದಿದ್ದೂ ಹಾಗೇ. ನಾನು ಎಳೆದು ಗಂಟು ಹಾಕಲು ಹೋದೆ, ಇನ್ನೂ ಎರಡು ಕಡೆ ಮುರಿಯಿತು. ನಮ್ಮಂಥ ಒರಟು ಕೈಗೆ ನೈಕ್ರೋಮೇ ಸರಿ.

ಬುಧವಾರ ಮಧ್ಯಾಹ್ನ ಲೆಕ್ಕಕ್ಕೆ ಕೂತೆವು. 230 ಇಂಟು 230, ಭಾಗಿಸು 1000. ಹತ್ತಿರ ಹತ್ತಿರ 53 ಓಮ್ಸ್. ಅದಕ್ಕಿಂತ ಕಡಿಮೆಯಾದರೆ ಕಾವು ಜಾಸ್ತಿ. ಇನ್ನು ಎಷ್ಟು ಮೀಟರ್ ಕತ್ತರಿಸಬೇಕು? ಹುಡುಗ ಮೊಬೈಲಲ್ಲಿ ಹಳೇ ಕ್ಯಾಲ್ಕುಲೇಟರ್ ತೆಗೆದು 26 ಹಾಕಿದ. ಮೀಟರಿಗೆ 8.46 ಓಮ್ಸ್ ಅಂತ ಬಂತು. ಅಂದರೆ ಆರೂಕಾಲು ಮೀಟರ್. ನಾನೇ ಟೇಪ್ ಹಿಡಿದು ಅಳೆದೆ, ನಾನೇ ಕತ್ತರಿಸಿದೆ.

ತಂತಿಯ ದಪ್ಪ ಅಳೆಯುವ ಮೈಕ್ರೋಮೀಟರ್ ಸ್ಟೋರ್ಸಿನ ಬೀರುವಲ್ಲಿತ್ತು. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು. ಅರ್ಧ ಗಂಟೆ ಕಾಯಬಹುದಿತ್ತು. ಬೆರಳಲ್ಲಿ ಉಜ್ಜಿ ನೋಡಿ '26ಏ ಕಣೋ' ಅಂದೆ. 26 ಹೌದು. ಯಾವ 26 ಅನ್ನೋದು ಪ್ರಶ್ನೆ. ನಮ್ಮ ಅಂಗಡಿಗಳಲ್ಲಿ ಸಿಗೋದು ಬ್ರಿಟನ್ನಿನ ಅಳತೆ ಎಸ್‌ಡಬ್ಲ್ಯುಜಿ, ಅದರ 26 ಅಂದರೆ 0.457 ಮಿಲಿಮೀಟರ್. ಅವನ ಮೊಬೈಲಿನದು ಅಮೆರಿಕದ ಎಡಬ್ಲ್ಯುಜಿ, ಅದರ 26 ಅಂದರೆ 0.405. ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ತಂತಿ ದಪ್ಪವಾದಷ್ಟೂ ಓಮ್ಸ್ ಕಡಿಮೆ. ಅವನಿಗೆ ಎಸ್‌ಡಬ್ಲ್ಯುಜಿ ಅಂತ ಒಂದಿದೆ ಅಂತಲೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಕೇಳಲಿಲ್ಲ.

ಆರು ಮಿಲಿಮೀಟರ್ ಸರಳನ್ನು ಹ್ಯಾಂಡ್ ಡ್ರಿಲ್ಲಿಗೆ ಸಿಕ್ಕಿಸಿ ಸುತ್ತಿದೆವು. ಒಂದು ಕಡೆ ಹಿಡಿದು ಎಳೆದು ಪಿಂಗಾಣಿಯ ತೋಡಿನೊಳಗೆ ಕೂರಿಸಿದೆವು. ಎಳೆತ ಸಮ ಬಂದಿರಲಿಲ್ಲ, ಬಲಗಡೆ ಸುತ್ತು ಸ್ವಲ್ಪ ಒತ್ತೊತ್ತು. ಕೊನೆಗೆ ಮೀಟರ್ ಹಿಡಿದಾಗ 41.5.

ಮೀಟರ್ ಸತ್ಯ ಹೇಳುತ್ತಿತ್ತು. ನಾನು ಅದಕ್ಕೊಂದು ಸಮಜಾಯಿಷಿ ಹುಡುಕಿದೆ. ತಾಮ್ರ ಒಂದು ಡಿಗ್ರಿ ಕಾದರೆ ರೆಸಿಸ್ಟೆನ್ಸ್ ಸುಮಾರು 0.4 ಪರ್ಸೆಂಟ್ ಏರುತ್ತದೆ. ನೂರು ವ್ಯಾಟಿನ ಹಳೇ ಬಲ್ಬು ತಣ್ಣಗಿದ್ದಾಗ ಸುಮಾರು 40 ಓಮ್ಸ್, ಉರಿಯುವಾಗ 529. ಇದೂ ಕೆಂಪಾಗುವ ತಂತಿ ತಾನೇ? ಹಾಗಾದರೆ 41 ಅನ್ನೋದು 53 ಆಗೋದು ಯಾವ ದೊಡ್ಡ ವಿಷಯ?

ಹುಡುಗ ಮೆಲ್ಲಗೆ ಹೇಳಿದ: 'ಅಣ್ಣ, ನೈಕ್ರೋಮ್ ಹಂಗೆ ಏರಲ್ಲ. ನಿಕ್ಕಲ್ ತಂತಿ ಏರುತ್ತೆ. ಅದಕ್ಕೇ ಟೆಂಪರೇಚರ್ ಕಂಟ್ರೋಲ್ ಇರೋ ಮೆಷೀನಿಗೆ ನಿಕ್ಕಲ್ಲೋ ಟೈಟೇನಿಯಮ್ಮೋ ಹಾಕ್ತಿದ್ವಿ. ಅದರ ಓಮ್ಸ್ ನೋಡಿ ಮೆಷೀನು ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತೆ. ಕ್ಯಾಂಥಲ್, ನೈಕ್ರೋಮಿಗೆ ಆ ಆಟ ನಡೆಯಲ್ಲ.'

ಎಷ್ಟು ಸ್ಪಷ್ಟವಾಗಿ ಹೇಳಿದ್ದ ನೋಡಿ. ನೈಕ್ರೋಮ್ ಕೆಂಪಾದರೂ ಏರೋದು ಐದಾರು ಪರ್ಸೆಂಟ್, ಅಷ್ಟೇ. ನಾನು ಆಗ ಹೇಳಿದ ಮಾತು ಮೇಲೆಯೇ ಬರೆದಿದ್ದೇನೆ.

ಗುರುವಾರ ಹತ್ತೂವರೆಗೆ ಪಾರ್ಟಿ ಬಂದರು. ಮೂರು ಜನ. ಲ್ಯಾಬ್ ಮೇಡಂ ಏಪ್ರನ್ ಹಾಕಿಕೊಂಡು ಸ್ಟಾಪ್‌ವಾಚ್ ಒತ್ತಿ ನಡುವಿನ ಡ್ರಮ್ಮಿಗೆ ಪ್ಲಾಂಟೇಶನ್ ಎಎ (ದಪ್ಪ ಕಾಳಿನ ದರ್ಜೆ) ನೂರು ಗ್ರಾಂ ಸುರಿದರು. ನಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದೆ. ಸುಮ್ನೆ ನಿಂತಿದ್ದೆ ಅಂದರೆ ಸುಳ್ಳು, ಹೊಗಳಿಕೆಗೆ ಕಾಯುತ್ತಿದ್ದೆ.

ನಾಲ್ಕು ನಿಮಿಷ ಆಗುವಷ್ಟರಲ್ಲೇ ವಾಸನೆ ಬದಲಾಯಿತು. ಬೇಯುವ ಹುಲ್ಲಿನ ವಾಸನೆ ಹೋಗಿ ಕಮಟು ಬಂತು. ಐದು ನಿಮಿಷಕ್ಕೆ ಮೊದಲ ಚಟಪಟ. ಈ ಮೆಷೀನಲ್ಲಿ ಫಸ್ಟ್ ಕ್ರ್ಯಾಕ್ ಬರೋದು ಎಂಟು ನಿಮಿಷದ ಹೊತ್ತಿಗೆ. ಮೇಡಂ ಸ್ಟಾಪ್‌ವಾಚ್ ನೋಡಿದರು, ಟ್ರೈಯರಲ್ಲಿ ನಾಲ್ಕು ಕಾಳು ಎಳೆದು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಾಳಿನ ತುದಿ ಕಪ್ಪು, ಹೊಟ್ಟೆ ಇನ್ನೂ ಹಳದಿ.

ಹುಡುಗ ಬಗ್ಗಿ ಕಿಂಡಿಯೊಳಗೆ ಇಣುಕಿದ. 'ಅಣ್ಣ, ಬಲಗಡೆ ಒಂದೇ ಕಡೆ ಬಿಳಿ ಕೆಂಪಾಗಿದೆ. ಜೋತುಬಿದ್ದಿದೆ.'

ನಾನು ಬಾಯಿ ತೆರೆಯುವಷ್ಟರಲ್ಲಿ ಜೋತುಬಿದ್ದ ಸುತ್ತು ಮೆಷೀನಿನ ಲೋಹದ ಮೈಗೆ ತಾಗಿತು. ಪಟ್. ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು, ಇಎಲ್‌ಸಿಬಿ, ಟ್ರಿಪ್. ಇಡೀ ಲ್ಯಾಬ್ ಕತ್ತಲು. ಮಾಯಿಶ್ಚರ್ ಮೀಟರ್ ಹೋಯಿತು, ಗ್ರೈಂಡರ್ ಹೋಯಿತು, ಎಕ್ಸಾಸ್ಟ್ ಫ್ಯಾನ್ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ ಡ್ರಮ್ಮಿನ ಮೋಟಾರ್ ಹೋಯಿತು. ಎಲ್ಲಾ ಒಂದೇ ಲೈನಲ್ಲಿ ಕೊಟ್ಟವನು ನಾನಲ್ಲ, ನನಗಿಂತ ಮೊದಲಿನ ಪುಣ್ಯಾತ್ಮ.

ತಿರುಗುತ್ತಿದ್ದ ಡ್ರಮ್ ನಿಂತರೆ ಏನಾಗುತ್ತೆ ಅಂತ ಕಾಫಿ ಹುರಿದವರಿಗೆ ಗೊತ್ತು. ಕಾಳು ಬಿಸಿ ತಗಡಿನ ಮೇಲೆ ಕೂತೇ ಸುಡುತ್ತದೆ. ಮೊದಲು ಕಾಳು ಹೊರಗೆ ಹಾಕಬೇಕು. ನಾನು ಮಾಡಿದ್ದೇನು? ಬೋರ್ಡಿಗೆ ಓಡಿ ಇಎಲ್‌ಸಿಬಿ ಮೇಲೆತ್ತಿದೆ. ಮತ್ತೆ ಪಟ್. ಇನ್ನೊಮ್ಮೆ ಎತ್ತಿದೆ. ಮತ್ತೆ ಪಟ್. ಬೇರೆಯವರು ಹೀಗೆ ಮಾಡಿದ್ದರೆ ಬೈದುಬಿಡುತ್ತಿದ್ದೆ. ಎರಡು ಸಲ ಅದು 'ಬೇಡ' ಅಂದರೂ ನನ್ನ ಕೈ ಕೇಳಲಿಲ್ಲ. ಮೂರನೇ ಸಲಕ್ಕೂ ಕೈ ಹೋಗಿತ್ತು, ಹಿಂದಿನಿಂದ ಮೇಡಂ, 'ರೀ, ಬಿಡ್ರೀ ಅದನ್ನ!' ಅಂದರು.

ಅಷ್ಟರಲ್ಲಿ ಹುಡುಗ ರೋಸ್ಟರಿನ ಪ್ಲಗ್ ಕಿತ್ತು, ಗೋಣಿಚೀಲ ಕೈಗೆ ಸುತ್ತಿಕೊಂಡು ಡ್ರಮ್ಮಿನ ಬಾಗಿಲು ತೆಗೆದು ಕಾಳನ್ನು ಟ್ರೇಗೆ ಸುರಿದಿದ್ದ. ಹೊಗೆ ತುಂಬಿತ್ತು. ಕಿಟಕಿ ತೆರೆದದ್ದು ಬಂದ ಪಾರ್ಟಿಯವರೇ. ಒಬ್ಬರು ಕೆಮ್ಮುತ್ತಾ, 'ಇದು ಯಾವ ರೋಸ್ಟು, ಇಟಾಲಿಯನ್ನಾ?' ಅಂತ ಕೇಳಿದರು. ಎಲ್ಲರೂ ನಕ್ಕರು. ನನಗೆ ಆ ಟ್ರೇ ಒಳಗೇ ಇಳಿದುಬಿಡೋಣ ಅನ್ನಿಸಿತು.

ಪ್ಲಗ್ ಕಿತ್ತ ಮೇಲೆ ಇಎಲ್‌ಸಿಬಿ ಎತ್ತಿದರೆ ನಿಂತಿತು. ಅವತ್ತಿನ ಕಪ್ಪಿಂಗ್ ಉಳಿದ ಎರಡು ಡ್ರಮ್ಮಿನಲ್ಲಿ ನಡೆಯಿತು, ಒಂದೂವರೆ ಗಂಟೆ ತಡವಾಗಿ. ಮ್ಯಾನೇಜರ್ ಸಾಹೇಬರು ಕರೆದು 'ಎಕ್ಸ್‌ಪ್ಲನೇಶನ್' ಬರೆದುಕೊಡಿ ಅಂದರು. ಪರ್ಚೇಸಿನ ಫೈಲಿನ ಬಗ್ಗೆ ಒಂದು ಸಾಲು ಸೇರಿಸಿದೆ. ಅದನ್ನು ಹೊಡೆದುಹಾಕಿ ವಾಪಸ್ ಕೊಟ್ಟರು.

ಮಧ್ಯಾಹ್ನ ಬೀಗದ ಕೈಯವರನ್ನು ಊಟಕ್ಕೆ ಬಿಡದೆ ಮೈಕ್ರೋಮೀಟರ್ ತೆಗೆಸಿದೆ. 0.46. ಕೂತು ಲೆಕ್ಕ ಹಾಕಿದರೆ ಮೀಟರಿಗೆ 6.6 ಓಮ್ಸ್ ಚಿಲ್ಲರೆ, ಬೇಕಾಗಿದ್ದು ಎಂಟು ಮೀಟರ್. ನಾವು ಹಾಕಿದ್ದು ಆರೂಕಾಲು. 1000 ವ್ಯಾಟಿನ ಜಾಗದಲ್ಲಿ 1270 ವ್ಯಾಟ್ ಉರಿದಿತ್ತು. ಪುಣ್ಯಕ್ಕೆ 100 ಗ್ರಾಂ ಅಂದರೆ ಎಪ್ಪತ್ತು ಮೀಟರಿಗೂ ಜಾಸ್ತಿ ತಂತಿ. ಇನ್ನೂ ಹತ್ತು ಸಲ ತಪ್ಪು ಮಾಡುವಷ್ಟಿತ್ತು.

ಎರಡನೇ ಕಾಯಿಲನ್ನು ಹುಡುಗನ ಕೈಗೇ ಕೊಟ್ಟೆ. ಒಂದಕ್ಕೊಂದು ತಾಗುವಂತೆ ಬಿಗಿಯಾಗಿ ಸುತ್ತಿದ. ಎರಡೂ ತುದಿಗೆ ಹುರಿ ಕಟ್ಟಿ, ಇಬ್ಬರೂ ಎದುರುಬದುರು ನಿಂತು ನಿಧಾನಕ್ಕೆ ಎಳೆದೆವು. ತೋಡಿನ ಉದ್ದ 40 ಸೆಂಟಿಮೀಟರ್. ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ ಅಂತ ಸ್ವಲ್ಪ ಜಾಸ್ತಿಯೇ ಎಳೆದೆವು. ಟರ್ಮಿನಲ್ಲಿಗೆ ಹೋಗುವ ತುದಿಯ ತಂತಿಯನ್ನು ಅವನು ಎರಡೆಳೆ ಮಡಿಸಿ ಹೊಸೆದ. ಯಾಕೋ ಅಂದರೆ, 'ಕಾಲು ಕಾಯಬಾರದು ಅಣ್ಣ, ಸ್ಕ್ರೂ ಹತ್ರ ಕಾದ್ರೆ ಅಲ್ಲೇ ಲೂಸ್ ಆಗುತ್ತೆ' ಅಂದ. ಗಂಟಲು ಸುಟ್ಟುಕೊಂಡು ಕಲಿತ ಪಾಠ ಅದು. ಮೀಟರ್ 53.2 ತೋರಿಸಿತು. ನಾನು ಏನೂ ಹೇಳಲಿಲ್ಲ.

ನೇರ ಮೇನ್ಸ್ ಕೊಡಲಿಲ್ಲ. ಡಿಮ್ಮರ್‌ಸ್ಟಾಟ್ ತಂದು, ಲೈಟ್ ಆರಿಸಿ, 80 ವೋಲ್ಟಿನಿಂದ ಮೆಲ್ಲಗೆ ಏರಿಸಿದೆವು. ಕತ್ತಲಲ್ಲಿ ಮೊದಲು ಎಡಗಡೆ ಒಂದು ಇಂಚು ಮಂದ ಕೆಂಪಾಯಿತು. ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಟ್ಟು, ಅಲ್ಲಿನ ಸುತ್ತನ್ನು ಚಿಮಟದಲ್ಲಿ ಬಿಡಿಸಿದ. ಮತ್ತೆ ಏರಿಸಿದೆವು. ಮೂರನೇ ಸಲಕ್ಕೆ ಇಡೀ ಉದ್ದಕ್ಕೂ ಒಂದೇ ಬಣ್ಣ, ಒಲೆಯ ಬೂದಿ ಸರಿಸಿದಾಗ ಕಾಣುವ ಕೆಂಡದ ಹಾಗೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡದೆ ನೋಡುತ್ತಾ ಕೂತೆವು. ಫುಲ್ ವೋಲ್ಟಿಗೆ ಕ್ಲಾಂಪ್ ಮೀಟರ್ 4.2 ಆಂಪ್ಸ್ ತೋರಿಸಿತು. ಸರಿಯಾಗಿತ್ತು.

ಆ ಕಾಯಿಲ್ ಸೀಸನ್ ಪೂರ್ತಿ ಓಡಿತು. ಸುರುಳಿಯ ಕವರಿನ ಮೇಲೆ ನಾನೇ ಟೇಪ್ ಅಂಟಿಸಿ '0.46 ಮಿ.ಮೀ.' ಅಂತ ಬರೆದಿಟ್ಟೆ. ಗೇಜ್ ನಂಬರ್ ಬರೆಯಲಿಲ್ಲ. ಸುಟ್ಟ ಎಎ ಕಾಳನ್ನು ಸ್ವೀಪಿಂಗ್ ಅಕ್ಕ ಮನೆಗೆ ಒಯ್ದರು. ಚಿಕೋರಿ ಹಾಕೋದೇ ಬೇಕಾಗಲಿಲ್ಲ ಅಂತ ಮಾರನೇ ದಿನ ಹೇಳಿದರು.

ಹೂಮಳೆ ಬಿದ್ದು, ತೋಟಗಳೆಲ್ಲ ಬೆಳ್ಳಗಾಗಿದ್ದ ಒಂದು ದಿನ, ಪರ್ಚೇಸಿನಿಂದ ಒಂದು ಡಬ್ಬಿ ಬಂತು. ಮಳೆಗಾಲದ ಇಂಡೆಂಟಿನ ಹೀಟರ್. ಲ್ಯಾಬಿಗೆ ಆಗ ವಾರಕ್ಕೆರಡು ಸ್ಯಾಂಪಲ್ಲೂ ಬರುತ್ತಿರಲಿಲ್ಲ. ಡಬ್ಬಿ ಬಿಚ್ಚಿದ ಕೂಡಲೇ ಹುಡುಗ ಮೀಟರ್ ಹಿಡಿದ. 57.5. ಮೇಲಿನ ಚೀಟಿ ನೋಡಿದೆ: 1000 ವ್ಯಾಟ್, 240 ವೋಲ್ಟ್.

ಅವನು ಮೀಟರಿನಿಂದ ತಲೆ ಎತ್ತದೆ ಕೇಳಿದ: 'ಬಿಸಿಯಾದ್ರೆ ಇಳಿಯುತ್ತೆ, ಅಲ್ವಾ ಅಣ್ಣ?'